‘ವೆಡ್’ ಶಬ್ದಾರ್ಥ ನಿರ್ಣಯ

ವಿಘ್ನೇಶ್ವರನಿಗೂ, ಈ ಸಂಶೋಧನೆಗಾಗಿ ಊಟದ ಮೇಜಿನ ಒಂದು ಮೂಲೆ ಬಿಟ್ಟುಕೊಟ್ಟ ನಮ್ಮ ಮನೆಯವಳಿಗೂ ನಮಿಸಿ, ಮದುವೆಯಾಗು ಎಂಬರ್ಥದ ಇಂಗ್ಲಿಷಿನ ‘ವೆಡ್’ ಧಾತುವನ್ನು ವಿಚಾರಣೆಗೆ ಎತ್ತಿಕೊಳ್ಳುತ್ತೇನೆ.

ಮೊದಲು ಪೂರ್ವಪಕ್ಷ. ಕ್ಯಾಲೆಂಡರಿನಲ್ಲಿ ಬುಧವಾರದ ನೆತ್ತಿಯ ಮೇಲೆ ಇದೇ ಮೂರಕ್ಷರ ಅಚ್ಚಾಗಿರುವುದರಿಂದ ಮದುವೆಗೆ ಬುಧವಾರವೇ ಪ್ರಶಸ್ತ ಎಂದು ನನ್ನ ಸೋದರಳಿಯನ ವಾದ. ಅದು ವೋಡನ್ ಎಂಬ ಹಳೆಯ ದೇವರ ವಾರ, ಮದುವೆಯದಲ್ಲ. ಬಾಲಕ ಅಲ್ಲಿಗೇ ಪರಾಸ್ತನಾದ.

ಹಳೆಯ ಇಂಗ್ಲಿಷಿನಲ್ಲಿ ‘ವೆಡ್’ ಎಂದರೆ ಒತ್ತೆ. ಕೊಟ್ಟ ಮಾತಿಗೆ ಭದ್ರತೆಯಾಗಿ ಇಡುವ ಅಡವು. ಇದರ ದಾಯಾದಿಗಳನ್ನು ನೋಡಿ: ಬಾಜಿಯ ‘ವೇಜರ್’, ಕೂಲಿಯ ‘ವೇಜ್’, ನಿಶ್ಚಿತಾರ್ಥದ ‘ಎಂಗೇಜ್’, ಮನೆ ಸಾಲದ ‘ಮಾರ್ಟ್‌ಗೇಜ್’. ಗೃಹಸ್ಥಾಶ್ರಮದ ಇಡೀ ಜಾತಕ ಒಂದೇ ಧಾತುವಿನಲ್ಲಿ ಅಡಗಿದೆ. ಸ್ಕಾಟ್ಲೆಂಡಿನ ಹಳೆಯ ಕಾನೂನಿನಲ್ಲಿ ಜಮೀನು ಅಡವಿಡುವುದಕ್ಕೆ ‘ವಾಡ್‌ಸೆಟ್’ ಎನ್ನುತ್ತಿದ್ದರು. ಜರ್ಮನ್ನರಿಗೆ ಇಂದಿಗೂ ‘ವೆಟ್ಟೆ’ ಎಂದರೆ ಪಣ.

ವೆಟ್ಟೆ! ಒತ್ತೆ! ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟು ಕೊಟ್ಟ ಕಿಟೆಲ್ ಸ್ವತಃ ಜರ್ಮನ್. ‘ಒ’ಕಾರದ ಪುಟಗಳ ಕರಡು ತಿದ್ದುವಾಗ ಅವರಿಗೆ ತವರಿನ ನೆನಪು ಬಂದಿರಲೇಬೇಕು ಎಂದು ನನ್ನ ಊಹೆ. ಒಂದು ದ್ರಾವಿಡ, ಇನ್ನೊಂದು ಜರ್ಮಾನಿಕ್, ಹೋಲಿಕೆ ಬರೀ ಕಾಕತಾಳೀಯ ಎನ್ನುವ ಭಾಷಾವಿಜ್ಞಾನಿಗಳಿದ್ದಾರೆ. ಅವರು ಹೇಳುವುದು ಸರಿಯೇ. ಆದರೆ ಸರಿಯಾದದ್ದನ್ನೇ ಬರೆಯುತ್ತ ಕುಳಿತರೆ ನನ್ನ ಪ್ರಬಂಧ ಒಂದೇ ಪುಟಕ್ಕೆ ಮುಗಿದೀತು.

ಇನ್ನು ‘ವೆಡ್‌ಲಾಕ್’. ಅದರ ಬಾಲದಲ್ಲಿರುವುದು ಬೀಗವೇ, ಇಲ್ಲದಿದ್ದರೆ ನಮ್ಮಲ್ಲಿ ಮದುವೆಯಿಂದ ಗಂಟುಬಿದ್ದವರನ್ನು ಬೀಗರು ಎನ್ನುತ್ತಿದ್ದರೇ ಎಂದು ಮನೆಯವಳ ಆಕ್ಷೇಪ. ಪ್ರಬಲವಾದ ವಾದ. ಆದರೆ ಈ ‘ಲಾಕ್’ ಹಳೆಯ ಇಂಗ್ಲಿಷಿನ ಒಂದು ಪ್ರತ್ಯಯ, ‘ಮಾಡುವಿಕೆ’ ಎಂದಷ್ಟೇ ಅರ್ಥ. ಇಂಗ್ಲಿಷರ ಮದುವೆಯಲ್ಲಿ ಬೀಗವಿಲ್ಲ. ಬೀಗರಿದ್ದಾರೆ, ಅದು ಬೇರೆ ಮಾತು.

ವರನ ಕಥೆ ಇದಕ್ಕಿಂತ ಘೋರ. ಅವನ ಮೂಲನಾಮ ‘ಬ್ರೀಡ್‌ಗುಮ’, ಅಂದರೆ ವಧುವಿನ ಗಂಡಸು. (ಕನ್ನಡದ ಗುಮ್ಮನನ್ನು ಇಲ್ಲಿಗೆ ಎಳೆದು ತರುವ ಆಸೆಯನ್ನು ಕಷ್ಟಪಟ್ಟು ಅದುಮಿದ್ದೇನೆ.) ಕಾಲ ಕಳೆದಂತೆ ‘ಗುಮ’ ಎಂದರೇನೆಂದು ಇಂಗ್ಲಿಷರೇ ಮರೆತರು. 16ನೇ ಶತಮಾನದ ಹೊತ್ತಿಗೆ ಆ ಜಾಗದಲ್ಲಿ ಹುಡುಗ, ಚಾಕರ ಎಂಬರ್ಥದ ‘ಗ್ರೂಮ್’ ಬಂದು ಕೂತಿತು. ಗಂಡಸು ಹೋಗಿ ಚಾಕರನಾದ. ಅಷ್ಟೆಲ್ಲ ತಿರುಗಿ ಇಂಗ್ಲಿಷು ಮುಟ್ಟಿದ ಜಾಗಕ್ಕೆ ಕನ್ನಡ ಒಂದೇ ಶಬ್ದದಲ್ಲಿ ಮುಟ್ಟಿತ್ತು: ಆಳು.

ಈಗ ಸಿದ್ಧಾಂತ. ‘ವೆಡ್’ ಎಂದರೆ ಒತ್ತೆ, ‘ಗ್ರೂಮ್’ ಎಂದರೆ ಆಳು. ಒತ್ತೆ + ಆಳು = ಒತ್ತೆಯಾಳು, ಯಕಾರಾಗಮ ಸಂಧಿ.

ಇದನ್ನು ಗಟ್ಟಿಯಾಗಿ ಓದಿ ಮುಗಿಸಿದಾಗ ಮನೆಯವಳು ಸೊಪ್ಪು ಸೋಸುತ್ತಲೇ ಕೇಳಿದಳು: “ಒತ್ತೆ ಅಂದ್ರೆ ಬಿಡಿಸ್ಕೊಂಡು ಹೋಗೋಕೆ ಯಾರಾದ್ರೂ ಬರಬೇಕಲ್ವಾ? ಇಷ್ಟು ವರ್ಷ ಆಯ್ತು, ನಿಮ್ಮ ಕಡೆಯಿಂದ ಒಬ್ಬರೂ ಬರಲಿಲ್ವಲ್ಲ ರೀ?”

ಈ ಆಕ್ಷೇಪಕ್ಕೆ ಸಮಾಧಾನ ಬಲ್ಲ ವಿದ್ವಾಂಸರು ದಯವಿಟ್ಟು ಬರೆದು ತಿಳಿಸಬೇಕು. ಮನೆ ವಿಳಾಸಕ್ಕೆ ಮಾತ್ರ ಬೇಡ.