‘ಎಂತ ಫೇಮಸ್ ಅಂತ ಕೇಳ್ಬೇಡಿ ಮಾರಾಯ್ರೆ!’: ವಾಮಂಜೂರಿನಲ್ಲಿ ಬೂತಾಯಿಯ ಸಂದರ್ಶನ

ಮಂಗಳೂರಿಗೆ ಹೋದರೆ ತಿನ್ನಲೇಬೇಕಾದ ಹತ್ತು ತಿನಿಸುಗಳ ಪಟ್ಟಿ ಈಗ ಪ್ರವಾಸಿಗರ ಮೊಬೈಲಿನಲ್ಲೇ ಇರುತ್ತದೆ. ಅದರಲ್ಲಿ ಅಂಜಲ್ ಇದೆ, ಕಾಣೆ ಇದೆ, ಸಿಗಡಿ ಘೀ ರೋಸ್ಟ್ ಇದೆ. ಊರಿನ ಮನೆಮನೆಯಲ್ಲಿ ಬೇಯುವ ಬೂತಾಯಿಗೆ ಮಾತ್ರ ಜಾಗವಿಲ್ಲ. ಪಿಲಿಕುಳದ ದಾರಿಯಲ್ಲಿ, ವಾಮಂಜೂರು ಪೇಟೆಯ ಮೀನಿನ ಬುಟ್ಟಿಯೊಂದರಲ್ಲಿ ಐಸಿನ ಮೇಲೆ ಮಲಗಿದ್ದ ಬೂತಾಯಿ ನಮ್ಮೊಂದಿಗೆ ಮಾತಿಗೆ ಒಪ್ಪಿತು. ಗಿರಾಕಿ ಬರುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ.

ಪ್ರಶ್ನೆ: ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ, ಬೇಸರವಿಲ್ಲವೇ?

ಬೂತಾಯಿ: ಬೇಸರ ಎಂತಕ್ಕೆ? ಪಟ್ಟಿ ಮಾಡುವವರಿಗೆ ಫೋಟೋ ಬೇಕು. ಅಂಜಲಿನ ಒಂದು ತುಂಡು ಹಾಕಿದ್ರೆ ತಟ್ಟೆ ತುಂಬ್ತದೆ. ಕಾಣೆ ರವೆ ಮೆತ್ತಿಕೊಂಡು ನೆಟ್ಟಗೆ ಮಲಗ್ತದೆ. ನಾನು ಪುಳಿಮುಂಚಿಯಲ್ಲಿ ಮುಳುಗಿದ್ರೆ ತಲೆ ಯಾವುದು, ಬಾಲ ಯಾವುದು ಅಂತ ಗೊತ್ತಾಗುದಿಲ್ಲ. ಮೇಲಿಂದ ಮುಳ್ಳು ಬೇರೆ. ನನ್ನನ್ನು ತಿನ್ನುವಾಗ ಕಣ್ಣು ತಟ್ಟೆಯಲ್ಲೇ ಇರ್ಬೇಕು. ಹಾಗಾದ್ರೆ ಮೊಬೈಲು ನೋಡುದು ಯಾವಾಗ?

ಪ್ರಶ್ನೆ: ತಮ್ಮ ವಂಶದ ಬಗ್ಗೆ ಎರಡು ಮಾತು?

ಬೂತಾಯಿ: ಎಣ್ಣೆಯ ವಂಶ ನಮ್ಮದು. ಹಿಂದೆ ನಮ್ಮನ್ನು ಬೇಯಿಸಿ ಎಣ್ಣೆ ಹಿಂಡಿ, ಉಳಿದದ್ದನ್ನು ತೆಂಗಿನ ಬುಡಕ್ಕೆ, ಕಾಫಿ ತೋಟಕ್ಕೆ ಗೊಬ್ಬರ ಹಾಕ್ತಿದ್ರು. ಈಗ ಉಳ್ಳಾಲದ ಕಡೆ ಕಾರ್ಖಾನೆಗಳಲ್ಲಿ ಒಣಗಿಸಿ ಪುಡಿ ಮಾಡ್ತಾರೆ. ಅಂಥ ಪುಡಿ ಸಾಕಿದ ಸಿಗಡಿಗೆ ಆಹಾರ. ಆ ಸಿಗಡಿ ಘೀ ರೋಸ್ಟ್ ಆಗಿ ನಿಮ್ಮ ಪಟ್ಟಿಗೆ ಹೋಗ್ತದೆ. ಹಾಗಾಗಿ ನಾನು ಪಟ್ಟಿಯಲ್ಲಿ ಇಲ್ಲ ಅಂತ ಹೇಳ್ಬೇಡಿ. ಅಲ್ಲಿದ್ದವರ ಹೊಟ್ಟೆಯೊಳಗೆ ಇದ್ದೇನೆ.

ಪ್ರಶ್ನೆ: ಘೀ ರೋಸ್ಟ್ ಮಂಗಳೂರಿನ ಹೆಮ್ಮೆ ಅಲ್ಲವೇ?

ಬೂತಾಯಿ: ಹುಟ್ಟೂರು ಕುಂದಾಪುರ, ಶೆಟ್ಟಿ ಲಂಚ್ ಹೋಮ್. ಹುಟ್ಟುವಾಗ ಅದು ಕೋಳಿ. ಆಮೇಲೆ ಸಿಗಡಿ, ಏಡಿ, ಪನೀರು, ಅಣಬೆ ಎಲ್ಲ ಅದೇ ಕೆಂಪು ಬಣ್ಣ ಹಚ್ಚಿಕೊಂಡವು. ಪಾಪ ಅಂದ್ರೆ ಕೋರಿ ರೊಟ್ಟಿ. ಕುಚ್ಚಲಕ್ಕಿಯ ಗರಿಗರಿ ರೊಟ್ಟಿ ಮುರಿದು, ಬಿಸಿ ಕೋಳಿಸಾರು ಸುರಿದು, ಅದು ಪೂರ್ತಿ ನೆನೆಯುವ ಮೊದಲೇ ತಿನ್ಬೇಕು. ಪ್ರವಾಸಿಗರು ಮೂರು ಕಡೆಯಿಂದ ಫೋಟೋ ತೆಗೆದು ಮುಗಿಸುವಾಗ ಅದು ಗಂಜಿ.

ಪ್ರಶ್ನೆ: ಮಳೆ ನೋಡಲು ಬರುವವರು ‘ಫ್ರೆಶ್ ಫಿಶ್’ ಬೇಕೆನ್ನುತ್ತಾರೆ.

ಬೂತಾಯಿ: ಬೇಕೆನ್ನಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಮಗೆ ಮರಿ ಆಗುವ ಸಮಯ ಅದು, ಸ್ವಲ್ಪ ಮರ್ಯಾದೆ ಕೊಡಿ. ನಾಡದೋಣಿಯವರಿಗೆ ಕಡಲು ಬಿಟ್ಟುಕೊಟ್ಟಷ್ಟೇ ಮೀನು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುತ್ತದಲ್ಲ, ಆಮೇಲೆ ಅಲ್ಲಿಂದ ಐಸಿನಲ್ಲಿ ಮಲಗಿ ಲಾರಿಯಲ್ಲಿ ಬರುವವರೂ ಉಂಟು. ಬೆಂಗಳೂರಿನ ಪ್ರವಾಸಿಗಿಂತ ಹೆಚ್ಚು ದೂರ ಪ್ರಯಾಣ ಮಾಡಿದ ಮೀನನ್ನೇ ಅವರು ‘ಲೋಕಲ್’ ಅಂತ ಚಪ್ಪರಿಸುದು.

ಪ್ರಶ್ನೆ: ಹಾಗಾದರೆ ಮಳೆಗಾಲದಲ್ಲಿ ಏನು ತಿನ್ನಬೇಕು?

ಬೂತಾಯಿ: ಊರಿನವರು ಆಟಿ ತಿಂಗಳಲ್ಲಿ ತಿನ್ನುದನ್ನು. ಕೆಸುವಿನೆಲೆಯ ಪತ್ರೊಡೆ, ಕಣಿಲೆ, ತಜಂಕು ಸೊಪ್ಪಿನ ಪಲ್ಯ, ಒಣಮೀನಿನ ಚಟ್ನಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಅದನ್ನು ನಿಮ್ಮ ಪಟ್ಟಿಯಲ್ಲಿ ಒಂದನೇ ನಂಬರಿಗೆ ಹಾಕಿ ನೋಡುವ! ಕುಡಿದವರ ಮುಖದ ರೀಲ್ಸ್ ಚೆನ್ನಾಗಿ ಓಡ್ತದೆ.

ಪ್ರಶ್ನೆ: ಸಸ್ಯಾಹಾರಿಗಳಿಗೆ ತಮ್ಮ ಸಲಹೆ?

ಬೂತಾಯಿ: ಅವರ ಮೇಲೆ ನನಗೆ ವಿಶೇಷ ಪ್ರೀತಿ. ಕುಡುಪು ದೇವಸ್ಥಾನದ ಷಷ್ಠಿಯ ದಿನ ಸುತ್ತಲಿನ ಮನೆಗಳಲ್ಲಿ ನನಗೂ ರಜೆ. ಬೆಳಿಗ್ಗೆ ಬನ್ಸ್ ತಿನ್ನಿ. ಬಾಳೆಹಣ್ಣು ಕಪ್ಪಾಗ್ಲಿಕ್ಕೆ ಶುರುವಾದಾಗ ಬಿಸಾಡದೆ ಮೈದಾದಲ್ಲಿ ಕಲಸಿ ಉಬ್ಬಿಸಿದ ಜಾಣತನ ಅದು. ಗೋಳಿಬಜೆ ಸಂಜೆಯದ್ದು. ಬಾಣಲೆಯಿಂದ ಎದ್ದು ಬಂದದ್ದನ್ನು ಆಗಲೇ ಬಾಯಿಗೆ ಹಾಕ್ಬೇಕು, ರಾತ್ರಿ ಕೇಳಿದ್ರೆ ರಬ್ಬರ್ ಸಿಗ್ತದೆ. ಊಟ ಆದ ಮೇಲೆ ಐಡಿಯಲ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಅವರು ಶುರು ಮಾಡಿದ್ದು 1975ರಲ್ಲಿ. ಐಸಿನ ವ್ಯವಹಾರದಲ್ಲಿ ನಾವು ಅವರಿಗಿಂತ ಸೀನಿಯರ್, ಆದ್ರೆ ನಮಗೆ ಚೆರ್ರಿ ಇಡುವವರಿಲ್ಲ.

ಪ್ರಶ್ನೆ: ಅಸಲಿ ಮಂಗಳೂರು ಮೀನುಸಾರು ಎಲ್ಲಿ ಸಿಗುತ್ತದೆ?

ಬೂತಾಯಿ: ಯಾರ ಮನೆಯ ಅಸಲಿ? ತುಳುವರ ಮನೆಯಲ್ಲಿ ಕೆಂಪು ಮೆಣಸು, ತೆಂಗಿನಕಾಯಿ ಅರೆದು ಹಾಕ್ತಾರೆ. ಕೊಂಕಣಿಯವರು ತೆಪ್ಪಳ ಜಜ್ಜಿ ಹಾಕ್ತಾರೆ. ಕ್ರೈಸ್ತರ ಅಡುಗೆಮನೆಯಲ್ಲಿ ಬಫಾತ್ ಪುಡಿಯ ಡಬ್ಬ ಕೈಗೆ ಸಿಗುವ ಜಾಗದಲ್ಲೇ ಇರ್ತದೆ. ಬ್ಯಾರಿಗಳ ಮನೆಯಲ್ಲಿ ನನ್ನ ಜೊತೆಗೆ ಅಕ್ಕಿರೊಟ್ಟಿ. ಎಲ್ಲರೂ ತಮ್ಮದೇ ಅಸಲಿ ಅಂತಾರೆ. ಎಲ್ಲರ ಮನೆಯಲ್ಲೂ ಸಾಯುದು ನಾನೇ. ಇನ್ನೊಂದು ಗುಟ್ಟು: ಮಣ್ಣಿನ ಅಳಗೆಯಲ್ಲಿ ಮಾಡಿದ ನನ್ನ ಸಾರಿಗೆ ರುಚಿ ಬರುದು ಮಾರನೇ ದಿನ. ಹೋಟೆಲಿನವರು ನಿನ್ನೆಯದ್ದನ್ನು ಬಡಿಸಿದ್ರೆ ಆರೋಗ್ಯಾಧಿಕಾರಿ ಬರ್ತಾರೆ. ಮನೆಯಲ್ಲಿ ಬಡಿಸಿದ್ರೆ ನೆಂಟರು ಬರ್ತಾರೆ. ಆದ್ದರಿಂದ ಊರಿನ ಒಳ್ಳೆಯ ಊಟ ಪಟ್ಟಿಗೆ ಬರುದೇ ಇಲ್ಲ.

ಪ್ರಶ್ನೆ: ಕೊನೆಗೆ, ವಾಮಂಜೂರಿನ ಬಗ್ಗೆ?

ಬೂತಾಯಿ: ಪ್ರವಾಸಿಗರಿಗೆ ಇದು ಪಿಲಿಕುಳದ ಹುಲಿ ನೋಡ್ಲಿಕ್ಕೆ ತಿರುಗುವ ಜಾಗ. ಇಲ್ಲವೇ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಮೂಡುಬಿದಿರೆಗೆ ಹೋಗುವಾಗ ಹಿಂದೆ ಬೀಳುವ ಪೇಟೆ. ಇಲ್ಲಿನ ಸಣ್ಣ ಹೋಟೆಲುಗಳಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು, ಬಸ್ಸಿನ ಕಂಡಕ್ಟರು ಉಣ್ಣುದನ್ನು ಯಾರೂ ಪಟ್ಟಿ ಮಾಡುದಿಲ್ಲ. ಇಲ್ಲೇ ಹತ್ತಿರ ನಗರದ ಕಸ ಸುರಿಯುವ ಪಚ್ಚನಾಡಿ ಉಂಟು. ಪಟ್ಟಿ ಹಿಡಿದು ನಗರದಲ್ಲಿ ಹತ್ತು ಬಗೆ ತರಿಸಿ, ಎರಡು ತುತ್ತು ತಿಂದು ಬಿಟ್ಟದ್ದೆಲ್ಲ ಕಡೆಗೆ ಬರುದು ಅಲ್ಲಿಗೆ. 2019ರ ಆಗಸ್ಟಿನ ಮಳೆಗೆ ಆ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟಗಳನ್ನೇ ನುಂಗಿತು. ಜನ ಮನೆ ಬಿಟ್ಟು ಹೋಗ್ಬೇಕಾಯ್ತು. ‘ನೋಡಲೇಬೇಕಾದ ಸ್ಥಳ’ಗಳಲ್ಲಿ ಅದನ್ನು ಯಾರಾದ್ರೂ ಬರೆದಿದ್ದಾರಾ?

ಪ್ರಶ್ನೆ: ಓದುಗರಿಗೆ ತಮ್ಮ ಸಂದೇಶ?

ಬೂತಾಯಿ: ಗಿರಾಕಿ ಬಂದ್ರು, ಬೇಗ ಹೇಳ್ತೇನೆ. ಪಟ್ಟಿಯನ್ನು ಕಿಸೆಯಲ್ಲಿಡಿ. ಹೋಟೆಲಿನಲ್ಲಿ ಕೂತ ಕೂಡಲೇ ‘ಇಲ್ಲಿ ಎಂತ ಫೇಮಸ್?’ ಅಂತ ಕೇಳ್ಬೇಡಿ, ‘ಇವತ್ತು ಎಂತ ಬಂದಿದೆ?’ ಅಂತ ಕೇಳಿ. ಬಂದದ್ದನ್ನು ಬೇಕಾದಷ್ಟೇ ಹಾಕಿಸಿಕೊಳ್ಳಿ, ಹಾಕಿಸಿಕೊಂಡದ್ದನ್ನು ಮುಳ್ಳು ಮಾತ್ರ ಉಳಿಯುವ ಹಾಗೆ ತಿನ್ನಿ. ನನ್ನ ಹೆಸರು ಪಟ್ಟಿಗೆ ಸೇರಿಸುದಂತೂ ಬೇಡವೇ ಬೇಡ. ಸೇರಿಸಿದ್ರೆ ನಾಳೆ ನನ್ನ ರೇಟೂ ಅಂಜಲಿನಷ್ಟಾಗಿ, ಊರಿನವರಿಗೆ ನಾನೇ ಸಿಗ್ಲಿಕ್ಕಿಲ್ಲ.