ಆಪ್ ಅಂಗಡಿಯ ಯಜಮಾನರಿಗೆ, ಬಸವನಗುಡಿಯಿಂದ

ಮಾನ್ಯರೇ,

ಪಂಚಾಂಗದ ಆಪ್ ಒಂದನ್ನು ಇಳಿಸಿಕೊಳ್ಳಲು ನಿಮ್ಮ ಅಂಗಡಿಗೆ ಬಂದಿದ್ದೆ. ಬೆಲೆ ಸೊನ್ನೆ. ಆದರೂ ಮೊದಲು ಖಾತೆ ತೆರೆಯಿರಿ ಎಂದಿರಿ: ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ, ಮೊಬೈಲ್ ನಂಬರು. ನಾಳೆ ಏಕಾದಶಿಯೇ ಎಂದು ತಿಳಿಯಲು ಇದೆಲ್ಲ ಏಕೆ ಎಂದು ನಾನು ಕೇಳುವುದಿಲ್ಲ. ಕೇಳಿದ್ದೇ ಕೇಳಿದಿರಿ, ಅರ್ಧಂಬರ್ಧ ಏಕೆ? ಗೋತ್ರ, ಸೂತ್ರ, ನಕ್ಷತ್ರ, ಪಾದ, ಎಲ್ಲಕ್ಕೂ ಒಂದೊಂದು ಖಾನೆ ಇಡಿ. ನಮ್ಮಲ್ಲಿ ಕೆಲವರು ಖುಷಿಯಿಂದಲೇ ತುಂಬುತ್ತಾರೆ.

ನಮಗೇನೂ ಗುಟ್ಟು ಕಾಪಾಡುವ ದೊಡ್ಡ ಅಭ್ಯಾಸವಿಲ್ಲ. ಗಾಂಧಿ ಬಜಾರಿನಲ್ಲಿ ತರಕಾರಿ ಚೀಲ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಮಗಳ ಸಂಬಳ, ಮಗನ ವೀಸಾ, ನನ್ನ ಮಂಡಿನೋವು ಎಲ್ಲವೂ ವಿಚಾರಣೆಗೆ ಬರುತ್ತವೆ. ಆದರೆ ಕೇಳಿದಾಕೆ ತನ್ನ ಸೊಸೆಯ ಪುರಾಣವನ್ನೂ ಬಿಚ್ಚುತ್ತಾಳೆ. ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಹೇಳದಿದ್ದರೂ ಯಾರೂ ಸೊಪ್ಪು ಕೊಡದೆ ಕಳಿಸುವುದಿಲ್ಲ. ನಿಮ್ಮ ಸೊಸೆಯ ಸುದ್ದಿ ಮಾತ್ರ ನಮಗೆ ಇವತ್ತಿಗೂ ಸಿಕ್ಕಿಲ್ಲ.

ಇದೇ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. (ಆ ವಯಸ್ಸಿಗೆ ನಮ್ಮವರು ಲಾಲ್‌ಬಾಗಿನ ಬಂಡೆ ಹತ್ತಿದರೇ ದೊಡ್ಡದು.) 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆಮೇಲೆ 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಅದರಲ್ಲೇ ಒಂದು ಉದಾಹರಣೆಯಿದೆ: ವೈದ್ಯಕೀಯ ಸಲಹೆ ಕೊಡುವ ಆಪ್ ನಿಮ್ಮ ಫೋನಿನ ನಂಬರುಗಳ ಪಟ್ಟಿಯನ್ನೂ ಕೇಳಿ, ನೀವು ಒಪ್ಪಿದರೂ ಆ ಒಪ್ಪಿಗೆ ಸಲ್ಲದು, ಏಕೆಂದರೆ ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲ. ಆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಕಲಮುಗಳಿಗೆ 18 ತಿಂಗಳ ಗಡುವು. ಅಷ್ಟರಲ್ಲಿ ಕೇಳುವುದನ್ನೆಲ್ಲ ಕೇಳಿ ಮುಗಿಸುವ ಅವಸರ ನಿಮ್ಮದಿರಬೇಕು.

ದುಡ್ಡು ಕೊಟ್ಟು ಕೊಳ್ಳುವವರಿಗೆ ರಸೀದಿ ಬೇಕು, ಖಾತೆ ಇರಲಿ. ಬಿಟ್ಟಿ ಪಂಚಾಂಗಕ್ಕೆ? ಎಫ್-ಡ್ರಾಯ್ಡ್ ಎಂಬ ಅಂಗಡಿ ಯಾರ ಹೆಸರನ್ನೂ ಕೇಳದೆಯೇ ಆಪ್ ಕೊಡುತ್ತದೆ, ಹೊಸ ಆವೃತ್ತಿ ಬಂದರೆ ತಿಳಿಸುತ್ತದೆ. ಹೆಸರಿಲ್ಲದೆ ಸುರಕ್ಷತೆಯೇ ಇಲ್ಲ ಎನ್ನುವ ನೀವು ಒಮ್ಮೆ ಅತ್ತ ಇಣುಕಿ ಬನ್ನಿ.

ಈ ಪತ್ರದೊಂದಿಗೆ ನಮೂನೆಯೊಂದನ್ನು ಲಗತ್ತಿಸಿದ್ದೇನೆ. ನನ್ನ ನಂಬರನ್ನು ಯಾರ್ಯಾರಿಗೆ ಕೊಡುತ್ತೀರಿ, ಯಾವ ಕೆಲಸಕ್ಕೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಅಳಿಸಿ ಎಂದರೆ ಅಳಿಸುವವರು ಯಾರು, ಅವರ ನೇರ ಫೋನ್ ನಂಬರು. ಎಲ್ಲ ಖಾನೆಗಳೂ ಕಡ್ಡಾಯ. ‘ಆಮೇಲೆ ನೋಡೋಣ’ ಎಂಬ ಗುಂಡಿಯನ್ನು ನಾನೂ ಇಟ್ಟಿಲ್ಲ.

ಇತಿ,
ನಿಮ್ಮ ಇನ್ನೂ ಆಗದ ಗಿರಾಕಿ