ಅನುಸ್ವಾರಾದಿ ಕ್ರಮ: ದುರ್ಗದ ಕಡತಗಳಲ್ಲಿ ಅಂಕಿಭ್ರಂಶ

ಚಿತ್ರದುರ್ಗ ಸೀಮೆಯ ಟೆಂಡರ್ ಪ್ರಕಟಣೆ, ಸಂಘದ ನಡಾವಳಿ, ಕಲ್ಯಾಣ ಮಂಟಪದ ನಿಯಮಾವಳಿಗಳನ್ನು ಆಮೂಲಾಗ್ರ ಪರಿಶೀಲಿಸಿದವರಿಗೆ ವೈಯಾಕರಣ ಕೇಶಿರಾಜನೂ ಕಾಣದ ಒಂದು ವರ್ಣಮಾಲೆ ಗೋಚರಿಸುತ್ತದೆ. ಅದರಲ್ಲಿ ಮೊದಲ ಷರತ್ತು ‘ಂ’, ಎರಡನೆಯದು ‘ಃ’, ಮೂರನೆಯದು ‘ಅ’, ನಾಲ್ಕನೆಯದು ‘ಆ’. ಸೃಷ್ಟಿ ಬಿಂದುವಿನಿಂದಲೇ ಮೊದಲಾಯಿತೆಂಬ ತಾಂತ್ರಿಕ ಮತದ ಪ್ರಭಾವ ಇದು ಎಂಬುದು ಪೂರ್ವಪಕ್ಷ. ಹೊಳಲ್ಕೆರೆ ಕಡೆ ಯಾರೋ ಎರಡನೆಯ ಷರತ್ತನ್ನು ಗಟ್ಟಿಯಾಗಿ ಓದಹೋಗಿ, ಕೆಮ್ಮೆಂದು ತಿಳಿದ ಸಭೆ ನೀರು ತರಿಸಿತೆಂಬ ಐತಿಹ್ಯವೂ ಉಂಟು.

ಸಿದ್ಧಾಂತ ಬೇರೆಯೇ ಇದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಮನೆಗಳಿಗೆ ಕನ್ನಡದ ತುಣುಕುಗಳು ಬಾಡಿಗೆಗೆ ಬಂದಿವೆ. ದೊಡ್ಡಕ್ಷರದ ‘ಎ’ ಮನೆಯಲ್ಲಿ ಅನುಸ್ವಾರ, ‘ಬಿ’ಯಲ್ಲಿ ವಿಸರ್ಗ, ‘ಸಿ’ಯಲ್ಲಿ ಅಕಾರ. ವರ್ಡ್ ಕ್ರಮಾಂಕ ಹಾಕುತ್ತ ತನ್ನ ಪಾಡಿಗೆ ಎ, ಬಿ, ಸಿ ಎಂದು ಕದ ತಟ್ಟಿದರೆ ಹೊರಗೆ ಬರುವವರು ಬಾಡಿಗೆದಾರರೇ. ಅದೇ ಫೈಲು ನುಡಿಯಿಲ್ಲದ ಕಂಪ್ಯೂಟರಿಗೆ ಹೋಗಲಿ: ಒಕ್ಕಣೆಯೆಲ್ಲ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆಯಾಗುತ್ತದೆ, ಎ, ಬಿ, ಸಿ ಮಾತ್ರ ಅಚ್ಚುಕಟ್ಟಾಗಿ ನಿಂತಿರುತ್ತವೆ. ಷರತ್ತು ಹಾಳಾದರೂ ಕ್ರಮ ಕೆಡಲಿಲ್ಲವೆಂದು ಆಡಿಟ್‌ನವರು ಸಂತೋಷಪಡಬಹುದು.

ಈ ಉಪದ್ರವ ಕಂಪ್ಯೂಟರಿನೊಂದಿಗೆ ಬಂದದ್ದೆಂಬುದು ಅರ್ವಾಚೀನರ ಅಜ್ಞಾನ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವನ್ನೇ ನೋಡಿ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಬರೆದವನು ಚಪಡ ಎಂಬ ಸಹಿ, ಅದೂ ಬ್ರಾಹ್ಮಿಯೇ. ಆದರೆ ‘ಲಿಪಿಕಾರನಿಂದ’ ಎಂಬರ್ಥದ ಒಂದೇ ಒಂದು ಪದ ಇದ್ದಕ್ಕಿದ್ದಂತೆ ಖರೋಷ್ಠಿಗೆ ತಿರುಗಿ ಬಲದಿಂದ ಎಡಕ್ಕೆ ಓಡುತ್ತದೆ! ವಾಯವ್ಯದ ಲಿಪಿಯೂ ತನಗೆ ಗೊತ್ತೆಂದು ಆತ ಮೆರೆದನೆಂದು ಇತಿಹಾಸಕಾರರು ಹೇಳುತ್ತಾರೆ. ಡಿಟಿಪಿ ಮಾಡಿದವರಾರೂ ಇದನ್ನು ನಂಬುವುದಿಲ್ಲ. ಸಾಲಿನ ಕೊನೆಯಲ್ಲಿ ಹಳೆಯ ಫಾಂಟು ಉಳಿದುಹೋಗಿದೆ, ಅಷ್ಟೆ. ಅಂಕಿಯ ತಕರಾರೂ ಅಲ್ಲಿಯದೇ: ಶಾಸನದ 256 ಎಂಬ ಸಂಖ್ಯೆ ಬುದ್ಧನಿರ್ವಾಣದಿಂದ ಎಣಿಸಿದ ವರ್ಷವೋ, ಪ್ರವಾಸದಲ್ಲಿ ಕಳೆದ ರಾತ್ರಿಗಳೋ ಎಂದು ಪಂಡಿತರು ಹೊಡೆದಾಡಿದ್ದಾರೆ.

ವರ್ಡ್‌ನಲ್ಲಿ ಪರಿಹಾರವೂ ಸಾಲಿನ ಕೊನೆಯಲ್ಲೇ ಇದೆ. ಕಂಟ್ರೋಲ್, ಶಿಫ್ಟ್, ಎಂಟು ಒಟ್ಟಿಗೆ ಒತ್ತಿದರೆ ಪ್ರತಿ ಪ್ಯಾರಾದ ತುದಿಯಲ್ಲಿ ತಲೆತಿರುಗಿದ ‘ಪಿ’ಯಂಥ ಗುರುತು ಮೂಡುತ್ತದೆ. ಕ್ರಮಾಂಕ ತನ್ನ ಫಾಂಟನ್ನು ಪಕ್ಕದ ಒಕ್ಕಣೆಯಿಂದಲ್ಲ, ಆ ಗುರುತಿನಿಂದ ಪಡೆಯುತ್ತದೆ. ಅದೊಂದನ್ನೇ ಆಯ್ದು ಟೈಮ್ಸ್ ನ್ಯೂ ರೋಮನ್ ಮಾಡಿದರೆ ವಿಸರ್ಗ ‘ಬಿ’ಯಾಗುತ್ತದೆ. ಅವಸರದವರು ಕ್ರಮಾಂಕದ ಮೇಲೇ ಕ್ಲಿಕ್ಕಿಸಿ, ಪಟ್ಟಿಯ ಅಂಕಿಗಳೆಲ್ಲ ಬೂದುಬಣ್ಣವಾದ ಮೇಲೆ ಫಾಂಟು ಬದಲಿಸಲಿ.

ಹೊಸದುರ್ಗ ಪಂಥ ಇದನ್ನು ಒಪ್ಪುವುದಿಲ್ಲ. “ಆಟೋ ನಂಬರ್ ಆಫ್ ಮಾಡಿ ಸಾರ್, ಕೈಯಲ್ಲೇ ಹೊಡ್ದುಬಿಡ್ತೀನಿ” ಎಂಬುದು ಅದರ ಮೂಲಸೂತ್ರ. ಮೂವತ್ತು ಷರತ್ತು ಹೊಡೆದಾದ ಮೇಲೆ ಸಾಹೇಬರು ನಾಲ್ಕನೆಯದರ ನಂತರ ಇನ್ನೊಂದು ಸೇರಿಸಲು ಹೇಳುತ್ತಾರೆ. ಆಗ ‘4ಎ’ ಹುಟ್ಟುತ್ತದೆ.